ಹೆಸರಿಡುವ ಮೊದಲು ಒಂದು ನೋಟ್‌ಬುಕ್ ತೆಗೆದಿಡಿ

ಕಾರ್ಕಳ ಕಡೆಯ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಅವರ ಮನೆಯ ಊರುನಾಯಿ ಕಾಳಿಗೆ, ಬಾಗಲಕೋಟೆ ಕಡೆಯಿಂದ ತಂದ ಮುಧೋಳ ಗಂಡುನಾಯಿಯಿಂದ ಏಳು ಮರಿ ಹುಟ್ಟಿವೆ. ಏಳೂ ಒಂದೇ ಅಚ್ಚು, ಏಳೂ ಗಟ್ಟಿಮುಟ್ಟು, ನಮ್ಮ ಸೆಕೆಗೆ, ಮಳೆಗೆ ಹೇಳಿ ಮಾಡಿಸಿದ ಹಾಗಿವೆಯಂತೆ. ಇದನ್ನೇ ಹೊಸ ತಳಿ ಮಾಡಿ ‘ಕರಾವಳಿ ಹೌಂಡ್’ ಎಂದು ಹೆಸರಿಡಬೇಕೆಂಬ ಆಸೆ ಅವರದು. ಮುಂದೆ ಇದೇ ಸೂಲಿನ ಗಂಡು ಹೆಣ್ಣನ್ನು ಕೂಡಿಸಿ ರೂಪವನ್ನು ‘ಗಟ್ಟಿ ಮಾಡುವ’ ಯೋಚನೆಯೂ ಇದೆ. ಮರಿಗೆ 15,000 ರೂಪಾಯಿ ಎಂದು ಹಾಕಿ, ಫೋಟೋ ಸಮೇತ ಲೇಖನ ಪ್ರಕಟಿಸಿ ಎಂದು ಕೇಳಿದ್ದಾರೆ.

ಪ್ರೀತಿಯ ಓದುಗರೆ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಫೋಟೋವನ್ನು ಅದಕ್ಕಿಂತ ಜಾಸ್ತಿ ಸಲ ನೋಡಿದೆ. ಅಡಿಕೆ ಹರಡಿದ ಅಂಗಳದ ಬದಿಯಲ್ಲಿ ಕಾಳಿ ಮಲಗಿದ್ದಾಳೆ. ಆರು ಮರಿ ಒಂದರ ಮೇಲೊಂದು ಬಿದ್ದು ಹಾಲು ಕುಡಿಯುತ್ತಿವೆ. ಏಳನೆಯದು ಸ್ವಲ್ಪ ದೂರ ಕೂತಿದೆ. ಉಳಿದವಕ್ಕಿಂತ ಸಣ್ಣದು, ಬೆನ್ನಿನ ಮೂಳೆ ಕಾಣುತ್ತದೆ. ಪತ್ರದಲ್ಲಿ ಅದರ ಸುದ್ದಿ ಇಲ್ಲ.

ಲೇಖನವನ್ನು ಈಗ ಹಾಕುವುದಿಲ್ಲ. ನಿಮ್ಮ ಆಸೆ ತಪ್ಪು ಎಂದಲ್ಲ. ಈ ಕರಾವಳಿಗೆ ಒಗ್ಗುವ ನಾಯಿ ಬೇಕು ಎಂದು ನನಗೂ ಅನಿಸುತ್ತದೆ. ಏಪ್ರಿಲ್ ತಿಂಗಳ ಮಂಗಳೂರಿನ ಸೆಕೆಯಲ್ಲಿ ಸೈಬೀರಿಯನ್ ಹಸ್ಕಿಯೊಂದು ಏದುಸಿರು ಬಿಡುವುದನ್ನು ನೋಡಿದವರಿಗೆಲ್ಲ ಹಾಗೆ ಅನಿಸಬೇಕು. ಆದರೆ ನಿಮ್ಮಲ್ಲಿ ಈಗ ಇರುವುದು ಒಂದು ಸೂಲು ಮರಿ. ತಳಿ ಅಲ್ಲ.

ಮಟ್ಟುಗುಳ್ಳ ಬದನೆ ನೋಡಿ. ಉಡುಪಿಯ ಯತಿ ವಾದಿರಾಜರು ಬೀಜ ಕೊಟ್ಟರು ಎಂಬ ಕಥೆಯಷ್ಟು ಹಳೆಯ ಬೆಳೆ. ಮಟ್ಟು ಊರಿನವರು ಒಳ್ಳೆಯ ಕಾಯಿಯನ್ನೇ ಬೀಜಕ್ಕೆ ಬಿಟ್ಟು, ತಲೆಮಾರಿನಿಂದ ತಲೆಮಾರಿಗೆ ಕಾಪಾಡಿಕೊಂಡು ಬಂದರು. ಬಿತ್ತಿದ್ದು ಗುಳ್ಳ, ಬಂದದ್ದೂ ಗುಳ್ಳ. ಅದಕ್ಕೆ ಜಿಐ ಟ್ಯಾಗ್, ಅಂದರೆ ಆ ಊರಿನದೇ ವಿಶೇಷ ಬೆಳೆ ಎಂಬ ಸರ್ಕಾರಿ ಗುರುತು, ಸಿಕ್ಕಿದ್ದು 2011ರಲ್ಲಿ. ಹೈಬ್ರಿಡ್ ಟೊಮೆಟೊ ಹಾಗಲ್ಲ. ಅದರ ಬೀಜ ತೆಗೆದು ಬಿತ್ತಿದರೆ ಒಂದೊಂದು ಗಿಡ ಒಂದೊಂದು ಥರ ಬರುತ್ತದೆ. ನಿಮ್ಮ ಏಳು ಮರಿಗಳೂ ಹೀಗೇ. ಇವು ಒಂದೇ ಅಚ್ಚಿನ ಹಾಗೆ ಕಾಣಬಹುದು. ಇವುಗಳ ಮಕ್ಕಳಲ್ಲಿ ಒಂದು ಮುಧೋಳದ ಹಾಗೆ ಕಾಲುದ್ದ, ಇನ್ನೊಂದು ಕಾಳಿಯ ಹಾಗೆ ಬಾಲ ಸುರುಳಿ. ಸ್ವಭಾವವೂ ಅಷ್ಟೇ. ಮುಧೋಳ ನಾಯಿ ಬಯಲಿನಲ್ಲಿ ಓಡಿ ಬೇಟೆ ಹಿಡಿಯಲೆಂದೇ ಬೆಳೆದದ್ದು. ನಮ್ಮಲ್ಲಿ ಗೇಟು ದಾಟಿದರೆ ರಸ್ತೆ, ಬೇಲಿ ದಾಟಿದರೆ ಪಕ್ಕದ ಮನೆಯ ಕೋಳಿ. ಯಾವ ಮರಿಗೆ ಆ ಓಟ ಬಂದಿದೆ ಎಂದು ಎರಡು ತಿಂಗಳಿಗೆ ಯಾರಿಗೂ ಹೇಳಲಾಗುವುದಿಲ್ಲ.

ಇನ್ನು ಅಣ್ಣ ತಂಗಿಯನ್ನು ಕೂಡಿಸುವ ಮಾತು. ದಯವಿಟ್ಟು ಬೇಡ ಮಾರಾಯ್ರೆ. ತುಳುನಾಡಿನಲ್ಲಿ ಮದುವೆ ಮಾತು ಎತ್ತಿದ ಕೂಡಲೇ ಹಿರಿಯರು ‘ಬರಿ ಯಾವುದು’ ಎಂದು ಕೇಳುತ್ತಾರೆ. ಬರಿ ಅಂದರೆ ಕುಲದ ಕವಲು, ಗೋತ್ರದ ಹಾಗೆ. ಒಂದೇ ಬರಿಯಾದರೆ ಮಾತು ಅಲ್ಲಿಗೇ ಮುಗಿಯಿತು. ನಾಯಿಗೂ ಯಾರಾದರೂ ಹಾಗೆ ಕೇಳಬೇಕಲ್ವಾ? ಅಣ್ಣ ತಂಗಿಗೆ ಹುಟ್ಟಿದ ಮರಿಯಲ್ಲಿ ಸರಾಸರಿ ನೂರಕ್ಕೆ 25 ಜೀನ್ ಜೋಡಿಗಳು ಒಂದೇ ಹಿರಿಯ ನಾಯಿಯಿಂದ ಬಂದ ಒಂದೇ ಪ್ರತಿಯ ಎರಡು ನಕಲು. ಅಪ್ಪನಲ್ಲೋ ಅಮ್ಮನಲ್ಲೋ ಅಡಗಿ ಕೂತಿದ್ದ ದೋಷ ಅಲ್ಲಿ ಹೊರಗೆ ಬರುತ್ತದೆ. ರೂಪ ಗಟ್ಟಿಯಾಗುತ್ತದೆ, ನಿಜ. ಅದರ ಜೊತೆಗೆ ಕಾಯಿಲೆಯೂ ಗಟ್ಟಿಯಾಗುತ್ತದೆ. ಡಾಲ್ಮೇಷಿಯನ್ ನಾಯಿಗಳ ಮೂತ್ರಕೋಶದಲ್ಲಿ ಕಲ್ಲಾಗುವ ತೊಂದರೆ ಹೀಗೇ ಇಡೀ ತಳಿಗೆ ಅಂಟಿತು. 1973ರಲ್ಲಿ ಅಮೆರಿಕದ ವಿಜ್ಞಾನಿಯೊಬ್ಬರು ಒಂದೇ ಒಂದು ಪಾಯಿಂಟರ್ ನಾಯಿಯನ್ನು ಸೇರಿಸಿ ಅದಕ್ಕೆ ದಾರಿ ಕಂಡುಹಿಡಿದರು. ಆ ವಂಶವನ್ನು ಅಲ್ಲಿ ನಾಯಿ ತಳಿಗಳನ್ನು ದಾಖಲಿಸುವ ಕೆನಲ್ ಕ್ಲಬ್ ಒಪ್ಪಿದ್ದು 2011ರಲ್ಲಿ. ಕೆಡುವುದು ಬೇಗ, ಸರಿ ಮಾಡಲು ಅಷ್ಟು ವರ್ಷ ಬೇಕಾಯಿತು.

ನಿಮಗೆ ಬೇಕಿರುವುದು ಒಂದಕ್ಕೊಂದು ಸಂಬಂಧವಿಲ್ಲದ ಹಲವು ಜೋಡಿ. ಬೇರೆ ಬೇರೆ ಊರಿನ ಕಾಳಿಯರು, ಬೇರೆ ಬೇರೆ ಮನೆಯ ಮುಧೋಳಗಳು. ಒಬ್ಬರ ಕೊಟ್ಟಿಗೆಯಲ್ಲಿ ಆಗುವ ಕೆಲಸವಲ್ಲ. ನಾಲ್ಕಾರು ಮನೆಯವರು ಸೇರಬೇಕು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಒಮ್ಮೆ ಹೋಗಿ ಬನ್ನಿ. ತಲೆಮಾರುಗಳಿಂದ ಇರುವ ತಳಿಯನ್ನು ಉಳಿಸಿಕೊಳ್ಳಲಿಕ್ಕೇ ಎಷ್ಟು ಕೆಲಸ ಇದೆ ಎಂದು ಅಲ್ಲಿ ಕಾಣುತ್ತದೆ.

ಹೆಸರಿನ ವಿಷಯಕ್ಕೆ ಬರುತ್ತೇನೆ. ಜರ್ಮನಿಯ ಅಪೋಲ್ಡಾದಲ್ಲಿ ಡೋಬರ್‌ಮನ್ ಎಂಬ ತೆರಿಗೆ ವಸೂಲಿಗಾರ ತನ್ನ ಕೆಲಸಕ್ಕೆ ಬೇಕಾದ ನಾಯಿಯನ್ನು ವರ್ಷಗಟ್ಟಲೆ ಆರಿಸಿ ಬೆಳೆಸಿದ. ನಾಯಿಗೆ ಅವನ ಹೆಸರು ಬಂದದ್ದು 1894ರಲ್ಲಿ ಅವನು ತೀರಿಹೋದ ಮೇಲೆ. ಆಸ್ಟ್ರೇಲಿಯಾದಲ್ಲಿ ಆದದ್ದು ಉಲ್ಟಾ. 1980ರ ದಶಕದ ಕೊನೆಗೆ ವಾಲಿ ಕಾನ್ರನ್ ಎಂಬವರು ಕುರುಡರಿಗೆ ದಾರಿ ತೋರುವ ನಾಯಿಗಳನ್ನು ಬೆಳೆಸುತ್ತಿದ್ದರು. ಹವಾಯಿಯ ಒಬ್ಬ ಮಹಿಳೆಗೆ ಅಂಥ ನಾಯಿ ಬೇಕಿತ್ತು, ಆದರೆ ಗಂಡನಿಗೆ ನಾಯಿ ಅಲರ್ಜಿ. ಕಾನ್ರನ್ ಲ್ಯಾಬ್ರಡಾರ್‌ಗೆ ಪೂಡಲ್ ಕೂಡಿಸಿದರು. ಹುಟ್ಟಿದ ಮೂರು ಮರಿಗಳಲ್ಲಿ ಆ ಗಂಡನಿಗೆ ಆಗಿಬಂದದ್ದು ಒಂದೇ. ಉಳಿದ ಕ್ರಾಸ್ ಮರಿಗಳನ್ನು ಯಾರೂ ಕೇಳಲಿಲ್ಲ. ‘ಲ್ಯಾಬ್ರಡೂಡಲ್’ ಎಂದು ಹೆಸರಿಟ್ಟು ಸುದ್ದಿ ಮಾಡಿದರು ನೋಡಿ, ಜನ ಮುಗಿಬಿದ್ದರು. ಆಮೇಲೆ ಯಾರ‍್ಯಾರೋ ಯಾವ ಯಾವುದಕ್ಕೋ ಪೂಡಲ್ ಕೂಡಿಸಿ ಮಾರತೊಡಗಿದರು. ತಾನು ಮಾಡಿದ್ದಕ್ಕೆ ಕಾನ್ರನ್ ಆಮೇಲೆ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟರು. ಅವರ ಉದ್ದೇಶ ಒಳ್ಳೆಯದೇ ಇತ್ತು, ನಿಮ್ಮ ಉದ್ದೇಶದ ಹಾಗೆಯೇ. ಹೆಸರು ನಾಯಿಗಿಂತ ಮುಂದೆ ಓಡಿಬಿಟ್ಟಿತು.

ನಮ್ಮ ಮನೆಗೂ ಕೆಲವು ವರ್ಷದ ಹಿಂದೆ ಒಂದು ಮರಿ ಬಂತು. ‘ಹೊಸ ತಳಿ, ಬೇರೆಲ್ಲೂ ಸಿಗಲ್ಲ, ಎರಡು ತಿಂಗಳು ತುಂಬಿದೆ’ ಎಂದರು ಮಾರಿದವರು. ಡಾಕ್ಟರು ಬಾಯಿ ತೆರೆದು ಹಲ್ಲು ನೋಡಿದರು. ಐದು ವಾರ ಆಗಿದ್ದರೆ ಹೆಚ್ಚು ಎಂದರು. ವಾರದೊಳಗೆ ಪಾರ್ವೋ ಎಂಬ ವೈರಸ್ ಕಾಯಿಲೆ ಶುರುವಾಯಿತು. ಡ್ರಿಪ್ ಹಾಕಿದ ಕಾಲಿಗೆ ಪ್ಲಾಸ್ಟರ್ ಸುತ್ತಿಕೊಂಡೇ ನಾಲ್ಕನೇ ರಾತ್ರಿ ಮಗಳ ಮಡಿಲಲ್ಲಿ ಹೋಯಿತು. ಅದಕ್ಕೇ ಈ ಪತ್ರಿಕೆಯಲ್ಲಿ ಮರಿಯ ಫೋಟೋ ಪಕ್ಕ ಬೆಲೆ ಹಾಕಲು ನನಗೆ ಕೈ ಬರುವುದಿಲ್ಲ.

ಕಾನೂನು ಕೂಡ ಇದೆ. 2017ರ ಕೇಂದ್ರದ ನಿಯಮದ ಪ್ರಕಾರ ಮಾರಲು ಮರಿ ಮಾಡಿಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು. ಹೆಣ್ಣಿಗೆ 18 ತಿಂಗಳು ತುಂಬಿರಬೇಕು, ವರ್ಷಕ್ಕೆ ಒಂದೇ ಸೂಲು, ಜೀವಮಾನದಲ್ಲಿ ಐದಕ್ಕಿಂತ ಜಾಸ್ತಿ ಕೂಡದು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ.

ಈಗ ನೀವು ಮಾಡಬೇಕಾದ್ದು ಒಂದೇ. ದಪ್ಪ ನೋಟ್‌ಬುಕ್ ತೆಗೆದುಕೊಳ್ಳಿ. ಮರಿಗೊಂದು ಪುಟ. ಯಾವ ಮನೆಗೆ ಹೋಯಿತು, ಮಳೆಗಾಲದಲ್ಲಿ ಚರ್ಮ ಹೇಗಿತ್ತು, ಉಣುಗು ಜ್ವರ ಬಂತೇ, ಮಕ್ಕಳ ಜೊತೆ ಹೇಗಿದೆ, ಪಟಾಕಿಗೆ ಹೆದರುತ್ತದೆಯೇ, ಸತ್ತರೆ ಯಾಕೆ ಸತ್ತಿತು. ಒಳ್ಳೆಯದನ್ನು ಬರೆಯುವುದು ಸುಲಭ. ಕೆಟ್ಟದ್ದನ್ನೂ ಬರೆಯಿರಿ. ಕೊಂಡವರಿಗೆ ಬೇಡವಾದರೆ ಯಾವ ವಯಸ್ಸಿನಲ್ಲೂ ಮರಿಯನ್ನು ವಾಪಸು ತೆಗೆದುಕೊಳ್ಳುತ್ತೇನೆ ಎಂದು ಮಾತು ಕೊಡಿ. ಹೆಣ್ಣು ಮರಿಗಳನ್ನು ಗೋಣಿಯಲ್ಲಿ ತಂದು ಮೀನು ಮಾರ್ಕೆಟ್ ಬದಿಯಲ್ಲಿ ಬಿಟ್ಟು ಹೋಗುವುದನ್ನು ನೀವೂ ನೋಡಿರುತ್ತೀರಿ. ನಿಮ್ಮ ಅಂಗಳದ ಮರಿ ಅಲ್ಲಿ ಸಿಗಬಾರದು.

ಈ ಏಳಕ್ಕೂ ಎರಡು ವರ್ಷ ತುಂಬಿದಾಗ ಆ ನೋಟ್‌ಬುಕ್ ಹಿಡಿದು ನಮ್ಮ ಕಚೇರಿಗೆ ಬನ್ನಿ. ಅದರಲ್ಲಿ ಏನಿದೆಯೋ ಅಷ್ಟನ್ನೂ ಪ್ರಕಟಿಸುತ್ತೇನೆ, ಬೇಕಾದಷ್ಟು ಪುಟ ಕೊಡುತ್ತೇನೆ. ಮೊದಲ ಪುಟವನ್ನು ಆ ಸಣ್ಣ ಮರಿಗೆ ಬಿಡಿ. ನಾಳೆ ಬೆಳಿಗ್ಗೆಯೇ ಅದನ್ನು ಡಾಕ್ಟರಿಗೆ ತೋರಿಸಿ, ಏನಂದರು ಎಂದು ನನಗೊಂದು ಸಾಲು ಬರೆಯಿರಿ.

– ಸಂಪಾದಕ