ಐದು ನಿಮಿಷಕ್ಕೆ ಕತ್ತಲೆ ಕಾಣುವುದಿಲ್ಲ

ಮೂಡಿಗೆರೆ ಕಡೆಯ ಓದುಗರೊಬ್ಬರು ಬರೆದಿದ್ದಾರೆ: “ಆರೂವರೆಗೆ ಹಾಕಿದ ಟಿವಿ ಆರಿಸುವುದು ಹತ್ತಕ್ಕೇ. ಜಗಲಿಯಲ್ಲಿ ಕೂರುವವರೇ ಇಲ್ಲ. ಒಂದು ದಿನ ಎಲ್ಲರನ್ನೂ ಎಬ್ಬಿಸಿ ಅಂಗಳಕ್ಕೆ ಕರೆತಂದೆ. ‘ಕತ್ತಲೆ ಬಿಟ್ರೆ ಏನಿದೆ ಇಲ್ಲಿ’ ಅಂತ ಐದೇ ನಿಮಿಷಕ್ಕೆ ಒಳಗೆ ಹೋದರು. ಕನೆಕ್ಷನ್ನೇ ತೆಗೆಸಿಬಿಡಲೇ?”

ತೆಗೆಸಬೇಡಿ. ಮನೆಯಲ್ಲಿ ಜಗಳವಾಗುತ್ತದೆ, ಆಮೇಲೆ ಎಲ್ಲರ ಕೈಗೂ ಮೊಬೈಲು ಬರುತ್ತದೆ, ಅಷ್ಟೇ.

ನಿಮ್ಮ ಮನೆಯವರು ಹೇಳಿದ್ದು ಸುಳ್ಳಲ್ಲ, ಅವರಿಗೆ ನಿಜಕ್ಕೂ ಏನೂ ಕಂಡಿಲ್ಲ. ಟಿವಿ ನೋಡುತ್ತಿದ್ದ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ನಡುವೆ ಯಾರಾದರೂ ಮೊಬೈಲ್ ತೆಗೆದರೆ ಲೆಕ್ಕ ಮತ್ತೆ ಮೊದಲಿನಿಂದ. ಹಾಗಾಗಿ ಧಾರಾವಾಹಿ ನಡುವೆ ಎಬ್ಬಿಸುವುದು ಬೇಡ, ಟಿವಿ ಹಾಕುವ ಮೊದಲೇ ಕಾಫಿ ಲೋಟದ ಸಮೇತ ಹೊರಗೆ ಕೂರಿಸಿ. ಕತ್ತಲೆ ಏರಿದಂತೆ ಕಣ್ಣೂ ಜೊತೆಗೇ ಹೊಂದಿಕೊಳ್ಳುತ್ತದೆ.

ನಮ್ಮ ಕಡೆ ಸೂರ್ಯ ಮುಳುಗುವುದು ನವೆಂಬರಿನಲ್ಲಿ ಆರಕ್ಕೆ ತುಸು ಮುಂಚೆ, ಜುಲೈ ಮೊದಲಲ್ಲಿ ಏಳಕ್ಕೆ ತುಸು ಮುಂಚೆ. ಅಲ್ಲಿಂದ ಒಂದೂಕಾಲು ಗಂಟೆಗೆ ಪೂರ್ತಿ ಕತ್ತಲು. ತೋಟದಲ್ಲಿ ಪಾಳಿ ಬದಲಾಗುವ ಹೊತ್ತು ಇದು. ಸಿಳ್ಳೆಗಾರ ಹಕ್ಕಿ ಸುಮ್ಮನಾಗುತ್ತದೆ, ಬಾವಲಿ ಹೊರಡುತ್ತದೆ, ರಾತ್ರಿ ಹಕ್ಕಿ ನತ್ತಿಂಗ ಕೂಗಲು ಶುರುಮಾಡುತ್ತದೆ. ಅದೃಷ್ಟವಿದ್ದರೆ ಮರದಿಂದ ಮರಕ್ಕೆ ತೇಲುವ ಹಾರುಬೆಕ್ಕು, ಅಂದರೆ ಹಾರುವ ಅಳಿಲು. ಧಾರಾವಾಹಿಗಳು ಬಂದು ಕೂತಿರುವುದೂ ಇದೇ ಹೊತ್ತಿನ ಮೇಲೆ. ತಪ್ಪಿದ ಕಂತನ್ನು ಮರುದಿನ ಮರುಪ್ರಸಾರದಲ್ಲಿ ನೋಡಬಹುದೆಂದು ಮನೆಯಲ್ಲಿ ನೆನಪಿಸಿ.

ಕೂರುವ ಜಾಗ ನೋಡಿಕೊಳ್ಳಿ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆಯ ಆನೆ ಓಡಾಡುವ ತೋಟಗಳಲ್ಲಿ ‘ಸಂಜೆ ವಾಕಿಂಗ್ ಹೋಗಿ’ ಎಂಬ ಪೇಟೆಯ ಸಲಹೆ ಖಂಡಿತ ಬೇಡ. ಜಗಲಿ ಸಾಕು. ಮನೆಗೆ ತಾಗಿದ ಕಾಫಿ ಒಣಗಿಸುವ ಕಣವಿದ್ದರೆ ಇನ್ನೂ ಒಳ್ಳೆಯದು, ಆಕಾಶಕ್ಕೆ ಮರ ಅಡ್ಡವಿಲ್ಲ. ಆನೆ ಬಂದ ಸುದ್ದಿ ಇದ್ದ ದಿನ ಕಿಟಕಿಯೇ ಸರಿ.

ಅಂಗಳದ ಬಿಳಿ ಬಲ್ಬು ಆರಿಸಿ, ಸ್ವಿಚ್ಚು ಕೈಗೆಟುಕುವಂತೆ ಕೂತುಕೊಳ್ಳಿ. ಟಾರ್ಚಿನ ಬಾಯಿಗೆ ಕೆಂಪು ಜಿಲೆಟಿನ್ ಕಾಗದ ಎರಡು ಪದರ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಮಂದ ಕೆಂಪು ಬೆಳಕು ಕಣ್ಣನ್ನು ಅಷ್ಟು ಕೆಡಿಸದು. ನಡೆದಾಡುವಾಗ ಮಾತ್ರ ಕಾಗದ ತೆಗೆದೇ ಹಿಡಿಯಿರಿ, ಹಾವಿನ ವಿಷಯದಲ್ಲಿ ಜಿಪುಣತನ ಬೇಡ. ಮೇ–ಜೂನಿನಲ್ಲಿ ಮಿಂಚುಹುಳ ನೋಡಲಂತೂ ಬಲ್ಬು ಆರಿಸಲೇಬೇಕು. ಗಂಡುಹುಳ ಮಿನುಗುವುದು ಹೆಣ್ಣನ್ನು ಕರೆಯಲು. ಬಲ್ಬಿನ ಬೆಳಕಿನಲ್ಲಿ ಆ ಕರೆ ನಿಮಗಷ್ಟೇ ಅಲ್ಲ, ಹೆಣ್ಣುಹುಳಕ್ಕೂ ಸರಿಯಾಗಿ ಕಾಣದು.

ಜನವರಿ ಕೊನೆಯಲ್ಲಿ ಎಂಟು ಗಂಟೆಗೆ ಕೃತ್ತಿಕೆ ನೆತ್ತಿಯ ಹತ್ತಿರ ಇರುತ್ತದೆ. ಧ್ರುವ ನಕ್ಷತ್ರವನ್ನು ಮಾತ್ರ ಎಲ್ಲರೂ ಬಹಳ ಮೇಲೆ ಹುಡುಕುತ್ತಾರೆ. ನಮ್ಮಲ್ಲಿ ಅದರ ಎತ್ತರ ಸುಮಾರು 13 ಡಿಗ್ರಿ: ಉತ್ತರಕ್ಕೆ ತೋಳು ಚಾಚಿ ಮುಷ್ಟಿ ಹಿಡಿದರೆ ಒಂದೂಕಾಲು ಮುಷ್ಟಿ. ಅತ್ತ ಗುಡ್ಡವಿದ್ದರೆ ಕಾಣುವುದೇ ಇಲ್ಲ.

ಮಳೆಗಾಲದಲ್ಲಿ ಟಿವಿಯೇ ನಿಮಗೆ ಸಹಾಯ ಮಾಡುತ್ತದೆ. ಸಿಗ್ನಲ್ ಬರುವುದು 36,000 ಕಿ.ಮೀ. ಮೇಲಿನ ಉಪಗ್ರಹದಿಂದ. (ಇಸ್ರೋದ ಅಂಥ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ ನಮ್ಮ ಹಾಸನದಲ್ಲೇ ಇದೆ.) ದಪ್ಪ ಮಳೆ ಆ ಸಿಗ್ನಲನ್ನು ದಾರಿಯಲ್ಲೇ ಹೀರುತ್ತದೆ, ಚಿತ್ರ ಹೋಗುತ್ತದೆ. ಡಿಶ್ ತಿರುಗಿದೆಯೆಂದು ಯಾರೂ ಏಣಿ ಹತ್ತದಂತೆ ನೋಡಿಕೊಳ್ಳಿ. ಒಮ್ಮೆ ಅಲುಗಿಸಿದರೆ ಮಳೆ ನಿಂತ ಮೇಲೂ ಚಿತ್ರ ಬಾರದು. ಹಾಗೇ ಬಿಟ್ಟರೆ ಮಳೆ ತಗ್ಗಿದಾಗ ತಾನಾಗಿ ಬರುತ್ತದೆ. ಅಷ್ಟರಲ್ಲಿ ಜಗಲಿಗೆ ಕುರ್ಚಿ ಹಾಕಿ. ಕಪ್ಪೆಗಳು ಶುರುಮಾಡಿರುತ್ತವೆ.

– ಸಂ.