ಭಯಾನಕ ಚಿತ್ರಗಳ ಸವಾಲಿನಲ್ಲಿ ನಿಮಗೆ ಹೆಚ್ಚು ನಿರಾಸೆ ತಂದ ಚಿತ್ರ ಯಾವುದು?

ಮುಂದಿನ ತಿಂಗಳು ದಿನಕ್ಕೊಂದರಂತೆ ಭಯಾನಕ ಮತ್ತು ಥ್ರಿಲ್ಲರ್ ಚಿತ್ರಗಳನ್ನು ನೋಡುವ ಸವಾಲು ಹಾಕಿಕೊಂಡಿದ್ದೇನೆ, ಯಾವುದನ್ನು ಪಟ್ಟಿಯಿಂದ ತೆಗೆಯಲಿ ಎಂದು ಕೇಳಿದ್ದೀರಿ. ಕಳೆದ ಅಕ್ಟೋಬರ್‌ನಲ್ಲಿ ನಾನು ಇದೇ ಕೆಲಸ ಮಾಡಿದೆ. ಮೂವತ್ತೊಂದು ರಾತ್ರಿ, ಮೂವತ್ತೊಂದು ಚಿತ್ರ. ಹನುಮಂತನಗರದ ಮನೆಯಲ್ಲಿ ಅಮ್ಮ ಮಲಗಿದ ಮೇಲೆ ದೀಪ ಆರಿಸಿ, ಮೊಬೈಲನ್ನು ಅಡುಗೆಮನೆಯಲ್ಲಿಟ್ಟು, ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದೆ. ಎಷ್ಟೇ ಬೇಸರವಾದರೂ ಕೊನೆಯವರೆಗೆ ಏಳಬಾರದು, ಮಲಗುವ ಮುನ್ನ ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆಯಬೇಕು ಎಂಬುದು ನಾನೇ ಮಾಡಿಕೊಂಡ ನಿಯಮ. ಆ ನೋಟ್‌ಬುಕ್ಕನ್ನು ಪಕ್ಕದಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಕಥೆಯ ಗುಟ್ಟುಗಳು ಬಯಲಾಗುತ್ತವೆ, ಇನ್ನೂ ನೋಡದವರು ಕ್ಷಮಿಸಬೇಕು.

ಎಲ್ಲಕ್ಕಿಂತ ಹೆಚ್ಚು ನಿರಾಸೆ ತಂದದ್ದು 1998ರ 'ಸೈಕೋ'. ಹಿಚ್‌ಕಾಕ್ ಅವರ 1960ರ ಕಪ್ಪು ಬಿಳುಪು ಚಿತ್ರವನ್ನು ಗಸ್ ವ್ಯಾನ್ ಸ್ಯಾಂಟ್ ಬಹುಪಾಲು ಶಾಟ್‌ಗೆ ಶಾಟ್ ಹೊಂದಿಸಿ ಬಣ್ಣದಲ್ಲಿ ಮತ್ತೆ ತೆಗೆದರು. ಹೆಚ್ಚುಕಡಿಮೆ ಅದೇ ಸಂಭಾಷಣೆ, ಬರ್ನಾರ್ಡ್ ಹರ್ಮನ್ ಅವರ ಅದೇ ಸಂಗೀತ. ನಾಯಕಿ ಕದಿಯುವ ಹಣ ಮಾತ್ರ 40 ಸಾವಿರ ಡಾಲರ್ ಇದ್ದದ್ದು ಕಾಲಕ್ಕೆ ತಕ್ಕಂತೆ 4 ಲಕ್ಷವಾಗಿದೆ. ಶನಿವಾರ ಹಳೆಯದನ್ನೂ ಭಾನುವಾರ ಹೊಸದನ್ನೂ ನೋಡಿದೆ.

ಒಂದೇ ಒಂದು ದೃಶ್ಯವನ್ನು ತೆಗೆದುಕೊಳ್ಳಿ. ಕೊಲೆಯಾದ ನಾಯಕಿಯ ಹೆಣ ತುಂಬಿದ ಕಾರನ್ನು, ಅವಳು ತಂಗಿದ್ದ ಮೋಟೆಲ್ ನಡೆಸುವ ನಾರ್ಮನ್ ಜೌಗಿಗೆ ತಳ್ಳುತ್ತಾನೆ. ದಡದಲ್ಲಿ ನಿಂತು ಏನೋ ಮೆಲ್ಲುತ್ತಾ ನೋಡುತ್ತಾನೆ. ಕಾರು ಗುಳುಗುಳು ಎಂದು ಇಳಿಯುತ್ತಾ ಹೋಗಿ ನಡುವೆ ನಿಂತುಬಿಡುತ್ತದೆ. ಅವನ ದವಡೆಯೂ ನಿಲ್ಲುತ್ತದೆ. ಅತ್ತ ಇತ್ತ ಕಣ್ಣಾಡಿಸುತ್ತಾನೆ. ಶನಿವಾರ ಆ ಹೊತ್ತಿನಲ್ಲಿ ನಾನು ಮನಸ್ಸಿನಲ್ಲೇ 'ಮುಳುಗಲಿ, ಮುಳುಗಲಿ' ಎಂದು ಬೇಡಿಕೊಳ್ಳುತ್ತಿದ್ದೆ. ಕಾರು ಮುಳುಗಿತು, ನಿಟ್ಟುಸಿರು ಬಿಟ್ಟೆ, ಆಮೇಲೆ ಎದೆ ಝಲ್ಲೆಂದಿತು. ಕೊಲೆಯನ್ನು ಮುಚ್ಚಿಹಾಕುವವನ ಪರವಾಗಿ ನಾನು ಯಾವಾಗ ನಿಂತೆ? ಆಂಟನಿ ಪರ್ಕಿನ್ಸ್ ಅವರ ಸಣಕಲು ಮೈ, ನಾಚುವ ಮುಖ, ತಡವರಿಸುವ ಮಾತು ನನ್ನನ್ನು ಅಲ್ಲಿಗೆ ಕರೆದೊಯ್ದಿದ್ದವು. ಭಾನುವಾರ ಅದೇ ಜೌಗು, ಅದೇ ಕಾರು, ಅದೇ ನಿಲುಗಡೆ, ಮತ್ತು ನಾನು ನೀರಿನ ಲೋಟಕ್ಕೆ ಕೈ ಚಾಚುತ್ತಿದ್ದೆ. ವಿನ್ಸ್ ವಾನ್ ಅವರ ನಾರ್ಮನ್ ಕಟ್ಟುಮಸ್ತಾದ ಆಳು. ಇವನಲ್ಲಿ ಏನೋ ಸರಿಯಿಲ್ಲ ಎಂಬುದು ಮೊದಲ ನಗುವಿನಲ್ಲೇ ಗೊತ್ತಾಗಿಬಿಡುತ್ತದೆ. ಗೊತ್ತಾದ ಮೇಲೆ ನಾವು ಅವನ ಪಕ್ಕಕ್ಕೆ ಹೋಗಿ ನಿಲ್ಲುವುದಾದರೂ ಹೇಗೆ?

ಗೋಡೆಯ ಕಿಂಡಿಯಿಂದ ಅವನು ಇಣುಕುವ ದೃಶ್ಯವೂ ಹಾಗೆಯೇ ಆಗಿದೆ. ಹಳೆಯದರಲ್ಲಿ ಒಂದು ಕಣ್ಣು, ಅಷ್ಟೇ. ಹೊಸದರಲ್ಲಿ ಅವನು ಅಲ್ಲಿ ನಿಂತು ಏನು ಮಾಡುತ್ತಿದ್ದಾನೆ ಎಂಬುದನ್ನು ಸದ್ದಿನಿಂದ ತಿಳಿಸುತ್ತಾರೆ. ಸ್ನಾನದ ಮನೆಯ ಕೊಲೆಯ ನಡುವೆ ಕವಿದ ಮೋಡಗಳ ತುಣುಕನ್ನು ತುರುಕುತ್ತಾರೆ. ನಮ್ಮ ಊಹೆಗೆ ಬಿಟ್ಟಿದ್ದ ಜಾಗಗಳನ್ನೇ ಹುಡುಕಿ ಹುಡುಕಿ ತುಂಬಿದಂತೆ ಅನಿಸಿತು. ಹಳೆಯ ಚಿತ್ರವೂ ನಿರ್ದೋಷಿಯಲ್ಲ ಎನ್ನುವುದನ್ನು ಹೇಳಲೇಬೇಕು: ಕೊನೆಯಲ್ಲಿ ಮನೋವೈದ್ಯರೊಬ್ಬರು ನಾರ್ಮನ್‌ನ ಮನಸ್ಸನ್ನು ಪಾಠದಂತೆ ಬಿಡಿಸಿ ಹೇಳುವ ಭಾಗ ನನಗೆ ಎಂದೂ ಹಿಡಿಸಿಲ್ಲ. ಆದರೆ ಅದಾದ ಮೇಲೆ ಗೋಡೆಗೆ ಒರಗಿ ಕೂತ ನಾರ್ಮನ್ ನೇರ ನಮ್ಮನ್ನೇ ನೋಡಿ ನಗುತ್ತಾನಲ್ಲ, ವೈದ್ಯರು ಹೇಳಿದ್ದೆಲ್ಲ ಅಲ್ಲಿಗೆ ಮರೆತುಹೋಗುತ್ತದೆ.

ನನ್ನ ಈ ಅಳತೆಗೋಲು ಎಲ್ಲಿಂದ ಬಂತು ಎಂಬುದು ನನಗೆ ಗೊತ್ತು. ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಬೆಳೆದವರಿಗೆ 'ನಾಳೆ ಬಾ' ನೆನಪಿರುತ್ತದೆ. ರಾತ್ರಿ ಒಂದು ದೆವ್ವ ಬಂದು ಬಾಗಿಲು ತಟ್ಟುತ್ತದೆ, ನಿಮ್ಮವರದೇ ದನಿಯಲ್ಲಿ ಕರೆಯುತ್ತದೆ, ತೆರೆದರೆ ಮುಗಿಯಿತು. ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದರೆ ಓದಿಕೊಂಡು ಹೊರಟುಹೋಗುತ್ತದೆ, ಮರುದಿನವೂ ಅದನ್ನೇ ಓದುತ್ತದೆ. ನಮ್ಮ ಬೀದಿಯಲ್ಲಿ ಕೆಲವರು ಸೀಮೆಸುಣ್ಣದಲ್ಲಿ ಬರೆದಿದ್ದರು, ಅಪ್ಪ ಇದ್ದಿಲಿನಲ್ಲಿ ಬರೆದಿದ್ದರು. ಎರಡನೇ ಪಾಳಿ ಮುಗಿಸಿ ಅವರು ಬಂದು ಬಾಗಿಲು ತಟ್ಟಿ ಹೆಸರು ಹಿಡಿದು ಕೂಗಿದಾಗ ಅಮ್ಮ ಚಿಲಕಕ್ಕೆ ಕೈ ಹಾಕಿ ಒಂದು ಕ್ಷಣ ತಡೆಯುತ್ತಿದ್ದರು. ಚಾಪೆಯ ಮೇಲೆ ಮಲಗಿದ್ದ ನಾನು ಆ ಕೈಯನ್ನೇ ನೋಡುತ್ತಿದ್ದೆ. ದೆವ್ವದ ಮುಖ ಹೇಗಿರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಅಷ್ಟು ಹೆದರುತ್ತಿರಲಿಲ್ಲ. 2018ರ ಹಿಂದಿ 'ಸ್ತ್ರೀ' ಚಿತ್ರದ ಗೋಡೆಬರಹ ನಮ್ಮ ಊರಿನ ಈ ಬರಹವನ್ನೇ ನೆನಪಿಸುತ್ತದೆ. ಅದು ಹಾಸ್ಯ ಬೆರೆತ ಚಿತ್ರ, ಚೆನ್ನಾಗಿಯೇ ಇದೆ. ಆದರೂ ಆ ಬರಹ ತೆರೆಯ ಮೇಲೆ ಬಂದಾಗ ಸುತ್ತಲಿದ್ದವರಂತೆ ನಗಲು ನನಗೆ ಆಗಲಿಲ್ಲ.

ಎರಡನೆಯ ನಿರಾಸೆ 2008ರ 'ದಿ ಹ್ಯಾಪನಿಂಗ್'. ಮಾಹೆಯಲ್ಲಿ ಹುಟ್ಟಿದ ಎಂ. ನೈಟ್ ಶ್ಯಾಮಲನ್ ಅವರ ಚಿತ್ರ ಎಂದು ಆಸೆಯಿಂದ ಕೂತಿದ್ದೆ, ಮೊದಲ ಕೆಲವು ನಿಮಿಷ ಆ ಆಸೆಯನ್ನು ಉಳಿಸಿಯೂ ಕೊಟ್ಟಿತು. ನ್ಯೂಯಾರ್ಕಿನಲ್ಲಿ ಕಟ್ಟಡವೊಂದು ಏಳುತ್ತಿದೆ. ಮೇಲಿನಿಂದ ಒಬ್ಬ ಕೆಲಸಗಾರ ಬೀಳುತ್ತಾನೆ. ಅಪಘಾತವೆಂದು ಜೊತೆಯವರು ಓಡಿಬರುತ್ತಾರೆ. ಇನ್ನೊಬ್ಬ ಬೀಳುತ್ತಾನೆ. ತಲೆಯೆತ್ತಿ ನೋಡಿದರೆ ಒಬ್ಬೊಬ್ಬರಾಗಿ ಅಂಚಿನಿಂದ ಹೆಜ್ಜೆ ಮುಂದಿಡುತ್ತಿದ್ದಾರೆ, ಮೆಟ್ಟಿಲಿಳಿಯುವವರ ಹಾಗೆ. ಊರಿನ ಪ್ರತಿ ರಸ್ತೆಯಲ್ಲೂ ಕಟ್ಟಡ ಏಳುತ್ತಿರುವ ಬೆಂಗಳೂರಿನಲ್ಲಿ ಕೂತು ಅದನ್ನು ನೋಡುವುದು ಸುಲಭವಲ್ಲ. ಇಷ್ಟಾದ ಮೇಲೆ ಚಿತ್ರ ಬಾಯಿಬಿಡುತ್ತದೆ. ಗಿಡಮರಗಳು ವಿಷ ಹೊರಬಿಡುತ್ತಿವೆ, ಗಾಳಿ ಬೀಸಿದ ಕಡೆ ಜನ ಸಾಯುತ್ತಾರೆ ಎಂದು ಒಬ್ಬರು ಊಹಿಸುತ್ತಾರೆ, ನಾಯಕ ಒಪ್ಪುತ್ತಾನೆ, ಮತ್ತೆ ಮತ್ತೆ ಅದನ್ನೇ ಮಾತಾಡಿಕೊಳ್ಳುತ್ತಾರೆ, ಸಾಲದೆಂಬಂತೆ ಕೊನೆಯಲ್ಲಿ ಟೀವಿಯಲ್ಲಿ ತಜ್ಞರೊಬ್ಬರು ಬಂದು ಅದನ್ನೇ ಹೇಳುತ್ತಾರೆ. ನಮ್ಮ ಕಿಟಕಿಯ ಆಚೆ ಒಂದು ಹೊಂಗೆಮರವಿದೆ. ಆ ರಾತ್ರಿ ಮಳೆಗೆ ಮುಂಚಿನ ಗಾಳಿಗೆ ಅದು ಒಂದೇ ಸಮನೆ ತೂಗುತ್ತಿತ್ತು. ಆ ಮರವನ್ನು ಕಂಡು ನನ್ನ ಮೈ ಜುಮ್ಮೆನ್ನಬೇಕಿತ್ತು. ಕಥೆಗೆ ಅಷ್ಟು ಶಕ್ತಿ ಇತ್ತು ಎಂಬುದೇ ನನ್ನ ಸಂಕಟ.

'ಜಾಸ್: ದಿ ರಿವೆಂಜ್' ಬಗ್ಗೆ ಹೆಚ್ಚು ಹೇಳುವುದಿಲ್ಲ. 1975ರ 'ಜಾಸ್' ಚಿತ್ರೀಕರಣದಲ್ಲಿ ಯಾಂತ್ರಿಕ ಶಾರ್ಕ್ ಉಪ್ಪುನೀರಿಗೆ ಮತ್ತೆ ಮತ್ತೆ ಕೆಟ್ಟು, ಸ್ಪೀಲ್‌ಬರ್ಗ್ ಅದನ್ನು ಆದಷ್ಟು ಮರೆಯಲ್ಲಿಟ್ಟೇ ಚಿತ್ರ ಮಾಡಬೇಕಾಯಿತು. ಶಾರ್ಕಿಗೆ ಸಿಕ್ಕಿಸಿದ, ನೀರಿನ ಮೇಲೆ ತೇಲುವ ಹಳದಿ ಪೀಪಾಯಿ ಕಂಡರೆ ಸಾಕು, ಕಾಲು ಮೇಲೆತ್ತಿಕೊಳ್ಳುತ್ತೇವೆ. 1987ರ ಈ ನಾಲ್ಕನೆಯ ಭಾಗದಲ್ಲಿ ಶಾರ್ಕ್ ಒಂದು ಕುಟುಂಬದ ಮೇಲೆ ಹಗೆ ಸಾಧಿಸಲು ಬಹಾಮಾಸ್‌ವರೆಗೆ ಹಿಂಬಾಲಿಸಿ, ನೀರಿನಿಂದ ಮೇಲೆದ್ದು ಗರ್ಜಿಸುತ್ತದೆ. ನೋಟ್‌ಬುಕ್ಕಿನಲ್ಲಿ ಆ ದಿನ ನಾಲ್ಕು ಸಾಲು ತುಂಬಲಿಲ್ಲ.

ಬರೆಯಲು ಮನಸ್ಸು ಹಿಂಜರಿಯುವ ಚಿತ್ರ ಇನ್ನೊಂದಿದೆ, 'ಆಪ್ತರಕ್ಷಕ'. ವಿಷ್ಣುವರ್ಧನ್ ಅವರು ತೀರಿಕೊಂಡದ್ದು 2009ರ ಡಿಸೆಂಬರ್ 30ರಂದು, ಈ ಚಿತ್ರ ಬಿಡುಗಡೆಯಾದದ್ದು 2010ರ ಫೆಬ್ರವರಿಯಲ್ಲಿ. ಕೆಂಪೇಗೌಡ ರಸ್ತೆಯ ಚಿತ್ರಮಂದಿರದಲ್ಲಿ ಅವರು ತೆರೆಗೆ ಬಂದ ಕ್ಷಣ ಎದ್ದ ಶಿಳ್ಳೆಯ ನಡುವೆಯೇ ನನ್ನ ಹಿಂದಿನ ಸಾಲಿನಲ್ಲಿ ಒಬ್ಬರು ಬಿಕ್ಕುತ್ತಿದ್ದರು. ಆ ದಿನ ಚಿತ್ರ ಹೇಗಿದೆ ಎಂದು ನೋಡುವ ಮನಸ್ಥಿತಿ ಯಾರಿಗಿತ್ತು? ಸವಾಲಿನ ಹೊತ್ತಿನಲ್ಲಿ ಮನೆಯಲ್ಲಿ ಒಬ್ಬನೇ ಕೂತು ಮತ್ತೆ ನೋಡಿದೆ. ಅವರ ಠೀವಿಗೆ ಇಂದಿಗೂ ಸಾಟಿಯಿಲ್ಲ. ಆದರೆ ಭಯ? 2004ರ 'ಆಪ್ತಮಿತ್ರ'ದಲ್ಲಿ, ಅದಕ್ಕೆ ಮೂಲವಾದ 1993ರ ಮಲಯಾಳಂ 'ಮಣಿಚಿತ್ರತಾಳ್'ನಲ್ಲಿ ಇದ್ದಂತೆಯೇ, ಭಯ ಇದ್ದದ್ದು ಒಬ್ಬ ಹೆಣ್ಣುಮಗಳ ಮನಸ್ಸಿನೊಳಗೆ. ಗಂಡನೊಡನೆ ಸಾಮಾನ್ಯವಾಗಿ ಮಾತಾಡುತ್ತಿದ್ದ ಸೌಂದರ್ಯಾ ಅವರ ಕಣ್ಣು ನೋಡನೋಡುತ್ತಲೇ ಬೇರೆಯವರ ಕಣ್ಣಾಗುತ್ತಿತ್ತು. ಆ ಚಿತ್ರ ಬಿಡುಗಡೆಯಾಗುವ ಕೆಲವು ತಿಂಗಳ ಮುಂಚೆ, ಏಪ್ರಿಲ್‌ನಲ್ಲಿ, ಅವರು ಬೆಂಗಳೂರಿನಲ್ಲೇ ವಿಮಾನ ದುರಂತದಲ್ಲಿ ಹೋಗಿಬಿಟ್ಟಿದ್ದರು. ಅದರ ಮುಂದುವರಿದ ಭಾಗವಾದ 'ಆಪ್ತರಕ್ಷಕ'ಕ್ಕೆ ಆ ಕಣ್ಣುಗಳಿಲ್ಲ. ಅದರ ಬದಲು ಹಿಂದೆಂದೋ ಸತ್ತ ನರ್ತಕಿ ನಾಗವಲ್ಲಿಯ ಚಿತ್ರಪಟ ಹೋದ ಮನೆಯಲ್ಲೆಲ್ಲ ಕಾಟ, ನೂರು ವರ್ಷ ದಾಟಿಯೂ ಬದುಕಿರುವ ರಾಜ. ಮನಸ್ಸಿನೊಳಗಿದ್ದುದನ್ನು ಹೊರಗೆ ತಂದು ನಿಲ್ಲಿಸಿದಂತಾಯಿತು. ಇಷ್ಟು ಪ್ರೀತಿಸುವ ನಟರ ಕೊನೆಯ ದಿನಗಳ ಚಿತ್ರದ ಬಗ್ಗೆ ಹೀಗೆ ಬರೆಯುವಾಗ ನನಗೆ ನೋವಾಗುತ್ತದೆ, ಆದರೂ ನೀವು ಕೇಳಿದ್ದು ನಿಜವಾದ ಉತ್ತರವನ್ನು.

ನಿಮ್ಮ ಪಟ್ಟಿಯ ವಿಚಾರ. ಶಾರ್ಕಿನ ನಾಲ್ಕನೆಯ ಭಾಗವನ್ನು ಯೋಚಿಸದೆ ತೆಗೆದುಹಾಕಿ. 1998ರ 'ಸೈಕೋ'ವನ್ನು ಮಾತ್ರ ತೆಗೆಯಬೇಡಿ, ಆದರೆ ಮೂಲ ಚಿತ್ರ ನೋಡಿದ ಮರುದಿನವೇ ನೋಡಿ. ಭಯ ಎಲ್ಲಿ ಸೋರಿಹೋಯಿತು ಎಂಬುದನ್ನು ಅದರಷ್ಟು ಸ್ಪಷ್ಟವಾಗಿ ಕಲಿಸುವ ಇನ್ನೊಂದು ಚಿತ್ರ ನನಗೆ ಸಿಕ್ಕಿಲ್ಲ. ಹೆಡ್‌ಫೋನ್ ಬೇಡ, ಧಡಾರೆಂಬ ಸದ್ದಿಗೆ ಬೆಚ್ಚಿಬಿದ್ದದ್ದನ್ನೇ ನಾನು ಮೊದಲ ವಾರವಿಡೀ ಭಯವೆಂದುಕೊಂಡಿದ್ದೆ. ಸತತ ಐದಾರು ನಿರಾಸೆಗಳಾಗಿ ಸವಾಲನ್ನೇ ಕೈಬಿಡಬೇಕು ಎನಿಸಿದ ದಿನಕ್ಕೆಂದು ಪವನ್ ಕುಮಾರ್ ಅವರ 2016ರ 'ಯು ಟರ್ನ್' ಇಟ್ಟುಕೊಳ್ಳಿ. ಬೆಂಗಳೂರಿನ ಮೇಲ್ಸೇತುವೆಯೊಂದರಲ್ಲಿ ನಡುವಿನ ಕಲ್ಲು ಸರಿಸಿ ಯು ಟರ್ನ್ ಹೊಡೆಯುವವರ ಕಥೆ ಅದು. ನಾನು ಅದನ್ನು ಇಪ್ಪತ್ತೆರಡನೆಯ ರಾತ್ರಿ ನೋಡಿದೆ. ಈಗಲೂ ಸ್ಕೂಟರಿನಲ್ಲಿ ಡಬಲ್ ರೋಡ್ ಮೇಲ್ಸೇತುವೆ ಹತ್ತಿದರೆ, ನಡುವಿನ ಕಲ್ಲುಗಳ ಸಾಲಿನಲ್ಲಿ ಯಾರಾದರೂ ಒಂದನ್ನು ಸರಿಸಿದ್ದಾರೆಯೇ ಎಂದು ಕಣ್ಣು ತಾನಾಗಿ ಹುಡುಕುತ್ತದೆ.