ಕೊನೆ ಓವರ್ ನೆನಪಿತ್ತು, ಬಂದ ದಾರಿ ನೆನಪಿರಲಿಲ್ಲ

ಕುಡಿತದ ವಿಷಯದಲ್ಲಿ ಸಲಹೆ ಕೊಡುವುದು ನನ್ನ ಕೆಲಸ. ಕ್ರಿಕೆಟ್ ಸೀಸನ್ ಬಂತೆಂದರೆ ನನ್ನ ಹತ್ತಿರ ಒಂದು ತರದ ಮಂದಿ ಜಾಸ್ತಿ ಬರುತ್ತಾರೆ. ಇವರು ದಿನಾ ಕುಡಿಯುವವರಲ್ಲ, ಮ್ಯಾಚ್ ಇದ್ದಾಗ ಮಾತ್ರ. ತಾವಾಗಿ ಬರುವವರು ಕಡಿಮೆ, ಹೆಂಡತಿಯೋ ಅವ್ವನೋ ಕರೆತಂದಿರುತ್ತಾರೆ. "ನಾ ಕುಡುಕ ಅಲ್ರೀ ಮೇಡಂ" ಅನ್ನುವುದು ಮೊದಲ ಮಾತು. ಅದು ಸುಳ್ಳೇನಲ್ಲ. ಆದರೆ ರಾತ್ರಿ ಹನ್ನೆರಡಕ್ಕೆ ಗಾಡಿ ಹತ್ತಿದಾಗ ಆ ಮಾತು ಯಾರನ್ನೂ ಕಾಯುವುದಿಲ್ಲ. ಅದಕ್ಕೇ ಈ ಹುಡುಗನ ವಿಷಯ ಬರೆಯುತ್ತಿದ್ದೇನೆ. ಅವನನ್ನು ಕೇಳಿಯೇ ಬರೆದದ್ದು, ಗುರುತು ಹತ್ತುವ ವಿವರ ಬದಲಿಸಿದ್ದೇನೆ.

ವಯಸ್ಸು ಮೂವತ್ತರ ಹತ್ತಿರ. ಹುಬ್ಬಳ್ಳಿಯಲ್ಲಿ ಮನೆ, ಶಿಫ್ಟ್ ಕೆಲಸ, ಎರಡು ವರ್ಷದ ಮಗಳು. 2025ರ ಜೂನ್ 3, ಆರ್‌ಸಿಬಿ ಫೈನಲ್. ಧಾರವಾಡದ ಕಡೆ ಒಂದು ಧಾಬಾದಲ್ಲಿ ಗೆಳೆಯರ ಜೊತೆ ಮ್ಯಾಚ್ ನೋಡಿ, ಬೈಕಿನಲ್ಲಿ ಬಂದು ಮಲಗಿದ್ದಾನೆ. ಬೆಳಿಗ್ಗೆ ಅಂಗಳ ಗುಡಿಸಲು ಹೋದ ಹೆಂಡತಿ ಗಾಡಿ ನೋಡಿದ್ದಾಳೆ. ಬಲಗಡೆ ಕನ್ನಡಿ ಇಲ್ಲ. ಫುಟ್‌ರೆಸ್ಟ್ ಹಿಂದಕ್ಕೆ ಬಾಗಿದೆ. ಸೈಲೆನ್ಸರ್ ಮೇಲೆ ಗೇಣುದ್ದ ಹಳದಿ ಬಣ್ಣ, ಡಿವೈಡರ್‌ಗೆ ಬಳಿಯುತ್ತಾರಲ್ಲ, ಆ ಹಳದಿ. ಅವಳು ಅವನನ್ನು ಎಬ್ಬಿಸಿ ಜಗಳ ಮಾಡಲಿಲ್ಲ. ಫೋಟೊ ತೆಗೆದಿಟ್ಟುಕೊಂಡಳು. ವಾರದ ಮೇಲೆ ಅದೇ ಫೋಟೊ ನನ್ನ ಟೇಬಲ್ ಮೇಲೆ ಇಟ್ಟಳು.

"ಧಾಬಾದ ಮುಂದ ಯಾರೋ ತಾಗಿಸಿರಬೇಕ್ರಿ. ನನಗ ಏರಿರಲಿಲ್ಲ" ಅಂದ ಅವನು. ಮೊದಲ ದಿನ ಅಷ್ಟೇ.

ಎರಡನೇ ಸಲ ಬಂದಾಗ ನಾನು ಕುಡಿತದ ಮಾತೇ ಎತ್ತಲಿಲ್ಲ. "ಕೊನೆ ಓವರ್ ಹೆಂಗಿತ್ತ್ರಿ?" ಅಂತ ಕೇಳಿದೆ.

ಮುಖ ಅರಳಿತು. "ಪಂಜಾಬಿಗೆ 29 ರನ್ ಬೇಕಿತ್ರಿ. ಹೇಜಲ್‌ವುಡ್ ಬಾಲಿಂಗ್. ಮೊದಲ ಎರಡು ಬಾಲಿಗೆ ರನ್ನ ಇಲ್ಲ. ಅಲ್ಲಿಗೇ ಮುಗೀತ್ರಿ, ಕೊಹ್ಲಿ ಕಣ್ಣಾಗ ನೀರು. ಆಮ್ಯಾಲೆ ಶಶಾಂಕ್ ಸಿಂಗ್ ಸಿಕ್ಸ್, ಫೋರ್, ಸಿಕ್ಸ್, ಸಿಕ್ಸ್." ಒಂದೊಂದು ಬಾಲಿಗೂ ಒಂದೊಂದು ಬೆರಳು ಮಡಚುತ್ತಿದ್ದ. "ಆದ್ರೂ ಆರು ರನ್ನಿಂದ ಗೆದ್ದ್ವಿ."

"ಆಮ್ಯಾಲೆ?"

"ಮನಿಗೆ ಬಂದ್ನಿರಿ."

"ಯಾವ ದಾರಿ? ಬೈಪಾಸೋ, ಪಿ.ಬಿ. ರೋಡೋ?"

ಉತ್ತರ ಕೊಡಲು ಬಾಯಿ ತೆರೆದ, ಹಾಗೇ ಸುಮ್ಮನಾದ. "ಉಣಕಲ್ ಕೆರಿ ಹತ್ರ ಚಹಾ..." ಅಂದು ನಿಲ್ಲಿಸಿದ. "ಇಲ್ರಿ, ಅದು ಹಿಂದಿನ ಮ್ಯಾಚಿಂದು." ಮಡಚಿದ ಬೆರಳು ಇನ್ನೂ ಹಾಗೇ ಇದ್ದವು. ನಾನೂ ಮಾತಾಡಲಿಲ್ಲ. ತುಂಬಾ ಹೊತ್ತಾದ ಮೇಲೆ ಅವನೇ ಅಂದ: "ಮೇಡಂ, ಆ ಓವರ್ ಸುದ್ದಾ ನಾ ಆಗ ನೋಡಿದ್ದಲ್ಲೇನೋ. ಮರುದಿನ ಮೊಬೈಲ್‌ದಾಗ ಎಷ್ಟ ಸಲ ನೋಡೀನಿ."

ಪಕ್ಕದಲ್ಲಿದ್ದ ಹೆಂಡತಿ ಸೆರಗು ಬಾಯಿಗೆ ಹಿಡಿದಳು.

ಸುಮಾರು 20 ಕಿಲೋಮೀಟರ್ ದಾರಿ. ಬೈಪಾಸ್ ಆಗಿದ್ದರೆ ಪುಣೆ-ಬೆಂಗಳೂರು ಲಾರಿಗಳ ನಡುವೆ ಬಂದಿದ್ದಾನೆ. ಗೇರ್ ಹಾಕಿದ್ದಾನೆ, ಬ್ರೇಕ್ ಹಿಡಿದಿದ್ದಾನೆ, ಮನೆ ಗೇಟಿನ ಚಿಲಕ ತೆಗೆದಿದ್ದಾನೆ. ಒಂದೂ ತಲೆಯಲ್ಲಿ ಉಳಿದಿಲ್ಲ. ಇದಕ್ಕೆ ಬ್ಲ್ಯಾಕ್‌ಔಟ್ ಅನ್ನುತ್ತಾರೆ. ಮನುಷ್ಯ ಎದ್ದು ಓಡಾಡುತ್ತಾನೆ, ಮಾತಾಡುತ್ತಾನೆ, ಆದರೆ ಮಿದುಳು ಹೊಸ ನೆನಪು ಬರೆದುಕೊಳ್ಳುವುದನ್ನು ನಿಲ್ಲಿಸಿರುತ್ತದೆ. "ನನಗ ಏರಿಲ್ಲ" ಅಂತ ತೀರ್ಪು ಕೊಡುವುದೂ ಅದೇ ಮಿದುಳು. ಕುಡಿದವನ ಆ ಮಾತನ್ನು ನಾನು ನಂಬುವುದಿಲ್ಲ, ಅವನೂ ನಂಬಬಾರದು.

ದಂಡದ ಭಯ ಹಾಕಬಹುದಿತ್ತು. 100 ಮಿಲಿ ರಕ್ತದಲ್ಲಿ ಆಲ್ಕೋಹಾಲ್ 30 ಮಿಲಿಗ್ರಾಂ ದಾಟಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಅದೆಲ್ಲ ಅವನಿಗೆ ಗೊತ್ತು. ಯಾವ ಸರ್ಕಲ್‌ನಲ್ಲಿ ಚೆಕಿಂಗ್ ಇರುತ್ತದೆ, ಯಾವ ಗಲ್ಲಿಯಲ್ಲಿ ನುಸುಳಬೇಕು ಅನ್ನುವುದೂ ಗೊತ್ತು.

ನಾನು ಹೇಳಿದ್ದು ಬೇರೆ. ಕೀಲಿ ಎಲ್ಲಿರಬೇಕು ಅನ್ನುವುದು ಟಾಸ್‌ಗಿಂತ ಮೊದಲು ಮುಗಿಯಬೇಕು. ಎರಡನೇ ಇನಿಂಗ್ಸ್ ಹೊತ್ತಿಗೆ ಲೆಕ್ಕ ಹಾಕುವ ತಲೆಯೇ ಕುಡಿದಿರುತ್ತದೆ. ಮನೆಯಿಂದ ನಡೆದುಕೊಂಡೇ ಹೋಗಿಬರುವಷ್ಟು ಹತ್ತಿರದಲ್ಲಿ ಮ್ಯಾಚ್ ನೋಡಬೇಕು, ಇಲ್ಲವೇ ಮ್ಯಾಚ್ ನೋಡಿದ ಊರಲ್ಲೇ ಮಲಗಬೇಕು. ಗಾಡಿ ಮನೆಯಿಂದ ಹೊರಗೇ ಹೋಗಬಾರದು, ಕೀಲಿ ಹೆಂಡತಿ ಹತ್ತಿರ. ಅವಳಿಗೂ ಒಂದು ಮಾತು ಹೇಳಿದೆ. ಹನ್ನೊಂದೂವರೆಗೆ ಫೋನ್ ಮೇಲೆ ಫೋನ್ ಮಾಡಿ "ಎಲ್ಲದೀರಿ, ಲಗೂ ಬರ್ರಿ" ಅನ್ನಬೇಡವ್ವ. "ಅಲ್ಲೇ ಮಲಗ್ರಿ" ಅನ್ನು. ಅಲ್ಲಿ ಮಲಗಿದ್ದಕ್ಕೆ ಮರುದಿನ ಜಗಳ ತೆಗೆಯಬೇಡ. ಜಗಳಕ್ಕೆ ಹೆದರಿ ಗಾಡಿ ಓಡಿಸಿಕೊಂಡು ಬಂದವರನ್ನು ಬಹಳ ನೋಡಿದ್ದೇನೆ.

ಇದು ಅವನ ಅಪ್ಪನ ಕಿವಿಗೆ ಬಿತ್ತು. ಮರುದಿನವೇ ಬಂದರು. "ಕುಡೀಬ್ಯಾಡ ಅಂತ ಬುದ್ಧಿ ಹೇಳ್ರಿ ಅಂದ್ರ, ಕುಡದು ಎಲ್ಲಿ ಮಲಗಬೇಕು ಅಂತ ಕಲಸ್ತೀರಲ್ರಿ!"

ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಇದೇ ಮಾತನ್ನು ನನ್ನ ಜೊತೆ ಕೆಲಸ ಮಾಡುವವರೂ ಹೇಳಿದ್ದಾರೆ. ಕುಡಿತ ಬಿಟ್ಟರೆ ಎಲ್ಲಕ್ಕಿಂತ ಒಳ್ಳೆಯದು, ಅದನ್ನೂ ಅವನಿಗೆ ನೇರವಾಗಿಯೇ ಹೇಳಿದ್ದೇನೆ. ನೆನಪು ಹಾರುವಷ್ಟು ಕುಡಿಯುವುದು ಸಣ್ಣ ವಿಷಯವಲ್ಲ, ಧಾರವಾಡದ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್‌ಗೆ ಒಮ್ಮೆ ಹೋಗಿ ಬನ್ನಿ ಅಂದಿದ್ದೇನೆ. (ಹೋಗಲು ಸಂಕೋಚ ಇರುವವರು 14416ಕ್ಕೆ ಫೋನ್ ಮಾಡಬಹುದು, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.) ಆದರೆ ಬಿಡುವುದಕ್ಕೆ ತಿಂಗಳುಗಟ್ಟಲೆ ಬೇಕು. ಮುಂದಿನ ಮ್ಯಾಚ್ ಅಷ್ಟು ದಿನ ಕಾಯುವುದಿಲ್ಲ. ಅಲ್ಲಿವರೆಗೆ ಅವನು ಬದುಕಿರಬೇಕಲ್ವಾ? ಅವನ ಗಾಡಿಗೆ ಎದುರು ಬರುವವರೂ ಬದುಕಿರಬೇಕು, ಅವರಂತೂ ಏನೂ ಕುಡಿದಿರುವುದಿಲ್ಲ. ಅಪ್ಪ ಒಪ್ಪಲಿಲ್ಲ. ಚಹಾ ಕುಡಿಯದೇ ಎದ್ದು ಹೋದರು.

ಸೆಪ್ಟೆಂಬರ್ 28, ದುಬೈನಲ್ಲಿ ಏಷ್ಯಾ ಕಪ್ ಫೈನಲ್, ಭಾರತ-ಪಾಕಿಸ್ತಾನ. ಎರಡು ದಿನ ಬಿಟ್ಟು ಅವನು ಬಂದ, ಖುಷಿಯಲ್ಲಿದ್ದ. "ಧಾರವಾಡದಾಗ ಗೆಳೆಯಾನ ಮನ್ಯಾಗ ಮಲಗಿದ್ನಿರಿ. ಕೀಲಿ ಅವನ ಅವ್ವನ ಕೈಯಾಗ."

"ಗಾಡಿ ತಗೊಂಡು ಹೋಗಿದ್ರಿ ಹಂಗಾರ." ಅವನು ತಲೆ ಕೆರೆದುಕೊಂಡ. "ಹೊಳ್ಳಿ ಯಾವಾಗ ಬಂದ್ರಿ?"

"ಬೆಳಿಗ್ಗೆ ಐದೂವರಿಗೆ. ಆರೂವರೆ ಡ್ಯೂಟಿ ಇತ್ರಿ. ತಣ್ಣೀರ ಸ್ನಾನ ಮಾಡಿ, ಸ್ಟ್ರಾಂಗ್ ಕಾಫಿ ಕುಡದು..."

"ಎಷ್ಟು ಕುಡಿದಿದ್ರಿ?"

"ಮೂರು ಬಿಯರ್. ಸ್ಟ್ರಾಂಗ್."

ಹಾಳೆ ತೆಗೆದು ಇಬ್ಬರೂ ಲೆಕ್ಕ ಹಾಕಿದೆವು. 650 ಮಿಲಿಯ ಒಂದು ಸ್ಟ್ರಾಂಗ್ ಬಿಯರ್ ಅಂದರೆ 30 ಮಿಲಿಯ ಸುಮಾರು ನಾಲ್ಕು ಪೆಗ್. ಮೂರು ಬಾಟ್ಲಿಗೆ ಹನ್ನೆರಡು. ಲಿವರ್ ಇಳಿಸುವುದು ಗಂಟೆಗೆ ಹೆಚ್ಚೂಕಡಿಮೆ ಒಂದು ಪೆಗ್. ಸ್ನಾನ, ಕಾಫಿ, ಮಜ್ಜಿಗೆ, ಲಿಂಬಿಹಣ್ಣು ಯಾವುದೂ ಅದನ್ನು ಲಗೂ ಮಾಡುವುದಿಲ್ಲ. ರಾತ್ರಿ ಎಂಟಕ್ಕೆ ಶುರು ಮಾಡಿದ್ದು. ಅವನೇ ಪೆನ್ನು ಹಿಡಿದು ಎಂಟರಿಂದ ಒಂದೊಂದೇ ಗಂಟೆ ಬರೆಯುತ್ತ ಬಂದ. ಐದೂವರೆಯ ಹತ್ತಿರ ಪೆನ್ನು ನಿಂತಿತು. ಕೆಳಗೆ ಇನ್ನೂ ಎರಡೂವರೆ ಪೆಗ್ ಉಳಿದಿತ್ತು.

"ಡ್ಯೂಟಿ ಇದ್ದಾಗ ಏನ್ ಮಾಡ್ಲಿರಿ?"

"ಚಿಗರಿ ಬಸ್ ಐತಲ್ರಿ. ಗಾಡಿ ಸಂಜಿಕೆ ತಗೊಂಡ ಬಂದ್ರಾತು."

ಹಾಳೆ ಮಡಚಿ ಕಿಸೆಯಲ್ಲಿ ಇಟ್ಟುಕೊಂಡ. ಬಾಗಿಲ ಹತ್ತಿರ ಹೊಳ್ಳಿ ನಿಂತು ಕೇಳಿದ: "ಇದನ್ನ ನಮ್ಮ ಗ್ರೂಪಿಗೆ ಹಾಕ್ಲ್ಯಾರಿ?"